ಅಜ್ಜಿಗೆ ಆದದ್ದು ಗೊಂದಲವಲ್ಲ

2021ರಲ್ಲಿ ನಾನು 'ಡೆಲಿರಿಯಮ್' ಎಂಬ ಪದವನ್ನು 'ತಾತ್ಕಾಲಿಕ ಗೊಂದಲ' ಎಂದು ಕನ್ನಡಕ್ಕೆ ತಂದು, ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಹಣ ತೆಗೆದುಕೊಂಡಿದ್ದೆ. ಆಪರೇಷನ್ನಿಗೆ ಮೊದಲು ರೋಗಿಗಳ ಕೈಗೆ ಕೊಡುವ ಒಂದು ಪುಸ್ತಿಕೆ ಅದು. 'ಶಸ್ತ್ರಚಿಕಿತ್ಸೆಯ ನಂತರ ಕೆಲವು ಹಿರಿಯರಲ್ಲಿ ತಾತ್ಕಾಲಿಕ ಗೊಂದಲ ಉಂಟಾಗಬಹುದು' ಎಂದು ಬರೆದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಪರಿಶೀಲಕರೂ ಒಪ್ಪಿದರು. ಮುಂದಿನ ವಾಕ್ಯಕ್ಕೆ ಹೋದೆ.

ಮೂರೂವರೆ ವರ್ಷ ಕಳೆದ ಮೇಲೆ ಅದೇ ಸಂಗತಿ ಪುಣೆಯ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕಣ್ಣೆದುರೇ ಮಲಗಿತ್ತು. ನನಗೆ ಗುರುತು ಸಿಗಲಿಲ್ಲ. ಯಾವ ಬಸ್ ಹತ್ತಬೇಕೆಂದು ತಿಳಿಯದೆ ನಿಲ್ಲುತ್ತೇವಲ್ಲ, ನನ್ನ ತಲೆಯಲ್ಲಿ ಗೊಂದಲ ಎಂದರೆ ಅದು. ಅಜ್ಜಿಗೆ ಆದದ್ದು ಬೇರೆ.

ಅಜ್ಜಿಗೆ ಆಗ 82. ಧಾರವಾಡದ ಕಡೆಯವಳು. ಅಜ್ಜ ಹೋದ ಮೇಲೆ ಅವ್ವ ಅವಳನ್ನು ಪುಣೆಗೆ ಕರೆತಂದಿದ್ದಳು. ಕಿವಿ ಸ್ವಲ್ಪ ಮಂದ, ಯಂತ್ರ ಹಾಕಿಕೊಳ್ಳುತ್ತಿದ್ದಳು. ತಲೆ ಮಾತ್ರ ನನಗಿಂತ ಚುರುಕು. ಹಾಲಿನವನ ಲೆಕ್ಕ ಕ್ಯಾಲೆಂಡರಿನ ಮೇಲೆ ಅವಳೇ ಬರೆಯುತ್ತಿದ್ದಳು. ತಿಂಗಳ ಕೊನೆಗೆ ಅವನು ಒಂದು ದಿನದ ಹಾಲು ಹೆಚ್ಚು ಹೇಳಿದರೆ ಬಾಗಿಲಲ್ಲೇ ನಿಲ್ಲಿಸಿಕೊಂಡು ತನ್ನ ಹರಕು ಮರಾಠಿಯಲ್ಲಿ ತಿದ್ದುತ್ತಿದ್ದಳು.

2025ರ ಜನವರಿ. ಸಂಕ್ರಾಂತಿ ಮುಗಿದು ನಾಲ್ಕು ದಿನ. ಕುಸುರೆಳ್ಳಿನ ಡಬ್ಬಿ ಇನ್ನೂ ಮೇಜಿನ ಮೇಲಿತ್ತು. ಬೆಳಗಿನ ಜಾವ ಬಚ್ಚಲಲ್ಲಿ ಜಾರಿದಳು. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಮರುದಿನವೇ ಆಪರೇಷನ್. ಬೆನ್ನಿಗೆ ಚುಚ್ಚಿ ಕೆಳಭಾಗ ಮರಗಟ್ಟಿಸುತ್ತೇವೆ ಎಂದರು. ಒಪ್ಪಿಗೆ ಪತ್ರಕ್ಕೆ ಅವ್ವ ಸಹಿ ಹಾಕಿದಳು. ಬೇಡವೆಂದರೂ ನಾನು ಅದನ್ನು ಪೂರ್ತಿ ಓದಿದೆ. ವೃತ್ತಿಯ ಚಟ. 'ಕನ್ಫ್ಯೂಷನ್' ಎಂಬ ಪದ ಅದರಲ್ಲೂ ಇತ್ತು. ಕಣ್ಣು ಅದರ ಮೇಲೆ ಹಾದುಹೋಯಿತು.

ಎರಡು ತಾಸಿನ ನಂತರ ಹೊರಗೆ ತಂದರು. ಭುಜ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಹಾಳೆಯ ಮೇಲೆ ಮೈಶಾಖ 35.2 ಎಂದು ಬರೆದಿತ್ತು. ಅವ್ವ ಪಾದ ಮುಟ್ಟಿ ನೋಡಿ, "ಬೆಚ್ಚಗ ಅದ, ಏನೂ ಆಗಿಲ್ಲ" ಅಂದಳು. ನಾನು "ಥಂಡಿ ಆಗ್ಲಿಕತ್ತದೇನಜ್ಜಿ?" ಎಂದು ಕೇಳಿದರೆ ಅಜ್ಜಿಯೂ "ಇಲ್ಲ" ಅಂದಳು. ಸಿಸ್ಟರ್ ಬಿಸಿಗಾಳಿ ಊದುವ ಹೊದಿಕೆ ತಂದು ಹೊದಿಸಿದರು. ಅರ್ಧ ತಾಸಿನಲ್ಲಿ ನಡುಕ ನಿಂತಿತು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಆ ರಾತ್ರಿ ಎರಡು ಗಂಟೆಗೆ ಅಜ್ಜಿ ಸಲೈನ್ ಪೈಪು ಹಿಡಿದೆಳೆದು ಏಳಲು ನೋಡಿದಳು. "ಗಂಟು ಎಲ್ಲಿ ಇಟ್ಟಿ? ಗಾಡಿ ಬಂತು ನೋಡು." ಅವಳು ಹುಬ್ಬಳ್ಳಿ ಸ್ಟೇಶನ್ನಿನಲ್ಲಿದ್ದಳು. ಪಕ್ಕದ ಹಾಸಿಗೆಯ ಮಾನಿಟರಿನ ಸದ್ದು, ಕಾರಿಡಾರಿನ ದೀಪ, ಟ್ರಾಲಿಗಳ ಓಡಾಟ ಎಲ್ಲವೂ ಆ ಸ್ಟೇಶನ್ನಿಗೆ ಹೊಂದುತ್ತಿದ್ದವು. ನನ್ನನ್ನು ನೋಡಿ ತನ್ನ ತಂಗಿಯ ಹೆಸರು ಕರೆದಳು. ಅವಳ ತಂಗಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

ಮರುದಿನ ಅಜ್ಜಿ ಶಾಂತವಾದಳು. ಕಣ್ಣು ಅರೆಮುಚ್ಚಿ, ಕರೆದರೆ ಹ್ಞೂಂ ಎಂದು, ಚಮಚದಲ್ಲಿ ಕೊಟ್ಟ ಗಂಜಿಯನ್ನು ಬಾಯಲ್ಲೇ ಇಟ್ಟುಕೊಂಡು ಮಲಗಿರುತ್ತಿದ್ದಳು. ನಮಗೆ ಸಮಾಧಾನವಾಯಿತು. ಪಾಪ, ರಾತ್ರಿಯೆಲ್ಲ ನಿದ್ದೆಯಿಲ್ಲ, ಮಲಗಲಿ ಎಂದೆವು. ಕನ್ನಡಕ ಮತ್ತು ಕಿವಿಯ ಯಂತ್ರ ಕಳೆದುಹೋದಾವು ಎಂದು ನಾನೇ ಅವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದೆ. ಹುಬ್ಬಳ್ಳಿಯಿಂದ ಬಂದ ಮಾಮಾ ಒಂದು ನಿಮಿಷ ನೋಡಿ, "ಅರಳುಮರಳು ಶುರು ಆತು" ಅಂದರು. ಸುತ್ತಿಗೆ ಬಂದ ಡಾಕ್ಟರು ಹೇಗಿದ್ದಾರೆ ಎಂದು ಕೇಳಿದಾಗ ನಾನು ಮರಾಠಿಯಲ್ಲಿ ಹೇಳಿದ್ದು ಇಷ್ಟು: "ವಯಸ್ಸಾಗಿದೆಯಲ್ಲ, ಸ್ವಲ್ಪ ಹೀಗೇ."

ಈ ಒಂದು ವಾಕ್ಯದ ಬೆಲೆ ನನಗೆ ತಿಳಿದದ್ದು ಆಮೇಲೆ.

ಮೂರನೆಯ ದಿನ ಅರಿವಳಿಕೆ ವಿಭಾಗದ ಒಬ್ಬ ಕಿರಿಯ ವೈದ್ಯೆ ಬಂದರು. ಅಜ್ಜಿಯನ್ನು ಹಿಂದಿಯಲ್ಲಿ ಕೇಳಿದರು: ಇದು ಯಾವ ಊರು? ಯಾವ ವರ್ಷ? ಅಜ್ಜಿ ಕಣ್ಣು ತೆರೆದು, "ಕ್ರೋಧಿ" ಅಂದಳು. ವೈದ್ಯೆ ನನ್ನತ್ತ ತಿರುಗಿ, ಯಾರ ಮೇಲೆ ಸಿಟ್ಟು ಎಂದು ಕೇಳಿದರು. ಇಲ್ಲ, ಅದು ಸಂವತ್ಸರದ ಹೆಸರು, ಈ ವರ್ಷ ಕ್ರೋಧಿನಾಮ ಸಂವತ್ಸರ, ಉತ್ತರ ಸರಿಯಾಗಿಯೇ ಇದೆ ಎಂದೆ. ಅವರು ನಕ್ಕರು. ನಂತರ, "ಹಾಗಾದರೆ ನೀವೇ ಕೇಳಿ. ತಿಂಗಳುಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಲಿ" ಅಂದರು.

ಕೇಳಿದೆ. ಅಜ್ಜಿ "ಫಾಲ್ಗುಣ, ಮಾಘ..." ಎಂದು ನಿಂತಳು. ಮತ್ತೆ "ಮಾಘ" ಅಂದಳು. ಆಮೇಲೆ "ಗಾಡಿ ಹೋತೇನು?" ಅಂದಳು. ಕಣ್ಣು ಮುಚ್ಚಿದಳು.

ವೈದ್ಯೆ ನನ್ನನ್ನು ಕೇಳಿದರು: "ಹೋದ ವಾರ ಇವರು ಹೀಗಿದ್ದರಾ?"

ಹೋದ ವಾರ ಅಜ್ಜಿ ಹಾಲಿನವನ ಹತ್ತಿರ ಹದಿನಾಲ್ಕು ರೂಪಾಯಿಗೆ ಜಗಳವಾಡಿದ್ದಳು. ಅದನ್ನು ಹೇಳಿದೆ. ಅವರು ಬರೆದುಕೊಂಡರು. "ಇದು ವಯಸ್ಸಲ್ಲ. ಡೆಲಿರಿಯಮ್," ಅಂದರು.

*

ಆ ವೈದ್ಯೆ ಮಾಡಿದ ಪರೀಕ್ಷೆಯ ಹೆಸರು 4ಎಟಿ. ಎಡಿನ್‌ಬರೋದ ವೈದ್ಯರು ರೂಪಿಸಿದ್ದು, ಎರಡು ನಿಮಿಷದ್ದು. ಅದರಲ್ಲಿ ನಾಲ್ಕು ಭಾಗ. ಒಂದು, ರೋಗಿ ಎಷ್ಟು ಎಚ್ಚರವಾಗಿದ್ದಾರೆ. ಎರಡು, ವಯಸ್ಸು, ಹುಟ್ಟಿದ ದಿನಾಂಕ, ಇರುವ ಜಾಗ, ಈಗಿನ ವರ್ಷ. ಮೂರು, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳು. ನಾಲ್ಕು, ಈ ಬದಲಾವಣೆ ಇದ್ದಕ್ಕಿದ್ದಂತೆ ಬಂತೇ, ಗಳಿಗೆಗೊಂದು ರೀತಿ ಆಗುತ್ತಿದೆಯೇ. ಒಟ್ಟು 12 ಅಂಕ. 4 ಅಥವಾ ಹೆಚ್ಚು ಬಂದರೆ ಡೆಲಿರಿಯಮ್ ಇರಬಹುದೆಂದು ನೋಡಬೇಕು.

ಭಾಷಾಶಾಸ್ತ್ರ ಓದಿದ ನನಗೆ ಮೊದಲು ಕಂಡದ್ದು ಎರಡನೆಯ ಮತ್ತು ಮೂರನೆಯ ಭಾಗದ ತೊಡಕು. ನನ್ನ ಅಜ್ಜಿಗೆ ಹುಟ್ಟಿದ ದಿನಾಂಕ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಇರುವುದು ಯಾರೋ ಹಾಕಿದ ಜನವರಿ 1. ವರ್ಷ ಕೇಳಿದರೆ ಸಂವತ್ಸರ ಹೇಳುತ್ತಾಳೆ. ಅವಳ ತಿಂಗಳ ಸಾಲಿನಲ್ಲಿ ಕೊನೆಯದು ಡಿಸೆಂಬರ್ ಅಲ್ಲ, ಫಾಲ್ಗುಣ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ದಿಲ್ಲಿಯಲ್ಲೋ ಇರುವ ನಮ್ಮಂಥವರ ಮನೆಯ ಹಿರಿಯರನ್ನು ಅವರದಲ್ಲದ ಭಾಷೆಯಲ್ಲಿ, ಅವರದಲ್ಲದ ಪಂಚಾಂಗದಲ್ಲಿ ಪರೀಕ್ಷಿಸಿದರೆ, ಬುದ್ಧಿ ನೆಟ್ಟಗಿದ್ದರೂ ಅಂಕ ತಪ್ಪಬಹುದು. ಬುದ್ಧಿ ನಿಜವಾಗಿ ಜಾರಿದ್ದರೂ, 'ಭಾಷೆ ಬರುವುದಿಲ್ಲ, ಅದಕ್ಕೇ ಉತ್ತರ ಹೇಳುತ್ತಿಲ್ಲ' ಎಂದು ಬಿಟ್ಟುಬಿಡಬಹುದು.

ನನ್ನನ್ನು ಚುಚ್ಚಿದ್ದು ನಾಲ್ಕನೆಯ ಭಾಗ. ಅದಕ್ಕೆ ಒಂದೋ ಸೊನ್ನೆ, ಇಲ್ಲವೇ 4. ಅಂದರೆ 'ಇವರು ಮೊನ್ನೆಯವರೆಗೆ ಹೀಗಿರಲಿಲ್ಲ' ಎಂಬ ಒಂದೇ ಮಾತಿಗೆ 4 ಅಂಕ. ಗಂಟೆ ಬಾರಿಸಲು ಅದೊಂದೇ ಸಾಕು. ಆ ಮಾತನ್ನು ರಕ್ತಪರೀಕ್ಷೆ ಹೇಳುವುದಿಲ್ಲ, ಸ್ಕ್ಯಾನ್ ಹೇಳುವುದಿಲ್ಲ. ಜೊತೆಗಿದ್ದವರು ಹೇಳಬೇಕು. ನಾನು ಹೇಳಿದ್ದು, 'ವಯಸ್ಸಾಗಿದೆಯಲ್ಲ, ಸ್ವಲ್ಪ ಹೀಗೇ.' ಅಜ್ಜಿಯ 4 ಅಂಕವನ್ನು ಅಳಿಸಿ ಒಂದು ಇಡೀ ದಿನ ಕಳೆದವಳು ನಾನು.

ಅರಳುಮರಳು ವರ್ಷಗಟ್ಟಲೆಯಲ್ಲಿ ನಿಧಾನವಾಗಿ ಬರುವಂಥದ್ದು. ಡೆಲಿರಿಯಮ್ ತಾಸುಗಳಲ್ಲಿ ಬರುತ್ತದೆ. ಬೆಳಿಗ್ಗೆ ಇಳಿದು ಸಂಜೆ ಏರುತ್ತದೆ. ಗಮನ ಒಂದು ಕಡೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೋಸದ್ದು ಶಾಂತವಾದ ಡೆಲಿರಿಯಮ್. ಪೈಪು ಕೀಳುವವರನ್ನು ಎಲ್ಲರೂ ನೋಡುತ್ತಾರೆ. ಗೋಡೆಗೆ ಮುಖ ಮಾಡಿ ಮಲಗಿದವರನ್ನು 'ಒಳ್ಳೆಯ ಪೇಶಂಟ್' ಅನ್ನುತ್ತಾರೆ. ನಾವು ಸಮಾಧಾನಪಟ್ಟ ಆ ಎರಡನೆಯ ದಿನ ಅಜ್ಜಿ ಮೊದಲ ರಾತ್ರಿಗಿಂತ ಹೆಚ್ಚು ಆಳಕ್ಕೆ ಇಳಿದಿದ್ದಳು.

*

ಮನೆಯಲ್ಲಿ ತಪ್ಪು ಯಾರದು ಎಂಬ ಮಾತು ಶುರುವಾಯಿತು. ಮಾಮಾ, "ಪೂರ್ತಿ ಮಲಗಿಸಿ ಮಾಡಬೇಕಿತ್ತು, ಬೆನ್ನಿಗೆ ಚುಚ್ಚಿದ್ದಕ್ಕ ತಲಿಗೆ ಏರಿತು" ಅಂದರು. ಸಹಿ ಹಾಕಿದ ಅವ್ವ ಮಾತಾಡಲಿಲ್ಲ. ನನ್ನ ಅನುಮಾನ 35.2ರ ಮೇಲಿತ್ತು. ಓಟಿಯ ಥಂಡಿಯೇ ಅಜ್ಜಿಯನ್ನು ಕೆಡಿಸಿತು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ರಾತ್ರಿ ವಾರ್ಡಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಓದತೊಡಗಿದೆ, ಮೊಕದ್ದಮೆಗೆ ಸಾಕ್ಷಿ ಹುಡುಕುವವಳ ಹಾಗೆ.

ಮಾಮಾನ ಅನುಮಾನಕ್ಕೆ ಉತ್ತರ ಬೇಗ ಸಿಕ್ಕಿತು. 2021ರಲ್ಲಿ ಪ್ರಕಟವಾದ ರೀಗೇನ್ ಎಂಬ ಅಧ್ಯಯನದಲ್ಲಿ ಸೊಂಟ ಮುರಿದ 1,600 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನಿನ ಅರಿವಳಿಕೆ, ಇನ್ನೊಂದಕ್ಕೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಡೆಲಿರಿಯಮ್ ಬಂದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 20.5, ಎರಡನೆಯದರಲ್ಲಿ 19.7. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಅವ್ವನನ್ನು ಕಾರಿಡಾರಿಗೆ ಕರೆದು ಇದನ್ನು ಹೇಳಿದೆ. ಅವಳು ಅಂಕಿ ಕೇಳಿಸಿಕೊಳ್ಳಲಿಲ್ಲ. "ಅಂದ್ರ ನನ್ನ ಸಹಿಯಿಂದ ಆಗಿದ್ದಲ್ಲ?" ಎಂದಷ್ಟೇ ಕೇಳಿದಳು.

ಥಂಡಿಯ ಕತೆ ಅಷ್ಟು ಸರಳವಾಗಿರಲಿಲ್ಲ.

ನಮ್ಮ ಮೈ ಹಳೆಯ ಕಾಲದ ಮನೆಯಿದ್ದಂತೆ. ಒಲೆ ಇರುವುದು ಒಳಮನೆಯಲ್ಲಿ: ಹೃದಯ, ಯಕೃತ್ತು, ಮಿದುಳು. ಕೈಕಾಲು, ಚರ್ಮ ಎಲ್ಲ ಪಡಸಾಲೆ. ಪಡಸಾಲೆ ಒಳಮನೆಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿಯೇ ಇರುತ್ತದೆ. ಚಳಿಯಾದರೆ ಚರ್ಮದ ರಕ್ತನಾಳಗಳು ಬಿಗಿದು ನಡುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹೊರಗೆ ಎಷ್ಟು ಚಳಿಯಿದ್ದರೂ ಒಳಗಿನ 37 ಹೆಚ್ಚು ಅಲುಗುವುದಿಲ್ಲ. ಅರಿವಳಿಕೆ ಆ ಬಾಗಿಲನ್ನು ತೆರೆದುಬಿಡುತ್ತದೆ. ಒಳಗಿನ ಬಿಸಿರಕ್ತ ಹೊರಕ್ಕೆ ಹರಿಯುತ್ತದೆ, ಮೊದಲ ಒಂದು ತಾಸಿನಲ್ಲೇ ಒಳಗಿನ ಶಾಖ ಒಂದರಿಂದ ಒಂದೂವರೆ ಡಿಗ್ರಿ ಇಳಿಯುತ್ತದೆ. ಈ ವಿಷಯದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು ಅಮೆರಿಕದ ಅರಿವಳಿಕೆ ತಜ್ಞ ಡೇನಿಯಲ್ ಸೆಸ್ಲರ್. ಅವರ ಬರಹಗಳನ್ನು ಓದುವಾಗ ಅವ್ವ ಮುಟ್ಟಿ ನೋಡಿದ ಪಾದ ನೆನಪಾಯಿತು. ಪಾದ ಬೆಚ್ಚಗಿತ್ತು, ನಿಜ. ಆದರೆ ಅದು ಒಳಮನೆಯಿಂದ ಹರಿದುಬಂದ ಬಿಸಿ. ಬೆನ್ನಿಗೆ ಚುಚ್ಚಿದಾಗ ಕಾಲಿನ ರಕ್ತನಾಳಗಳೆಲ್ಲ ಸಡಿಲಾಗುತ್ತವೆ. ಒಳಗೆ ತಣ್ಣಗಾಗುತ್ತಿದ್ದರೂ ರೋಗಿಗೆ ಚಳಿ ಅನ್ನಿಸದೇ ಇರಬಹುದು. "ಥಂಡಿ ಇಲ್ಲ" ಎಂದು ಅಜ್ಜಿ ಹೇಳಿದ್ದೂ ಸುಳ್ಳಲ್ಲ. ಮುಟ್ಟಿ ನೋಡುವುದು, ಕೇಳಿ ನೋಡುವುದು, ಎರಡೂ ಕೈಕೊಟ್ಟಿದ್ದವು. ಇಂಥ ಹೊತ್ತಿನಲ್ಲಿ ನೆಚ್ಚಬೇಕಾದದ್ದು ಥರ್ಮಾಮೀಟರನ್ನು.

ವಯಸ್ಸಾದವರಲ್ಲಿ ಇದು ಹೆಚ್ಚು. ಮೈಯಲ್ಲಿ ಮಾಂಸ ಕಡಿಮೆ, ಶಾಖ ಹುಟ್ಟುವುದು ಕಡಿಮೆ, ಬಾಗಿಲು ಮುಚ್ಚುವ ಶಕ್ತಿಯೂ ಕಡಿಮೆ. ತಣ್ಣಗಾದ ಮೈಯಲ್ಲಿ ಔಷಧಿಗಳು ನಿಧಾನವಾಗಿ ಕರಗುತ್ತವೆ. ನಡುಕ ಬಂದರೆ ಆಮ್ಲಜನಕದ ಖರ್ಚು ಏರುತ್ತದೆ. ಆಂಡ್ರಿಯಾ ಕುರ್ಜ್, ಸೆಸ್ಲರ್ ಮತ್ತಿತರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಾದ 200 ಜನರಿದ್ದರು. 34.7 ಡಿಗ್ರಿಗೆ ಇಳಿದವರಲ್ಲಿ ನೂರಕ್ಕೆ 19 ಮಂದಿಗೆ ಗಾಯ ಸೋಂಕಾಯಿತು, 36.6ರಲ್ಲಿ ಇಟ್ಟವರಲ್ಲಿ 6 ಮಂದಿಗೆ ಮಾತ್ರ. 2008ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ 36ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ಮಾರ್ಗಸೂಚಿಯನ್ನೇ ಹೊರಡಿಸಿತು. ಆಪರೇಷನ್ನಿಗೆ ಮೊದಲೇ ರೋಗಿಯನ್ನು ಬೆಚ್ಚಗಿಡುವುದರ ತರ್ಕವೂ ಇದೇ: ಪಡಸಾಲೆ ಮೊದಲೇ ಬಿಸಿಯಿದ್ದರೆ ಬಾಗಿಲು ತೆರೆದಾಗ ಒಳಮನೆ ಅಷ್ಟು ತಣಿಯುವುದಿಲ್ಲ.

ಇಲ್ಲಿಯವರೆಗೆ ನನ್ನ ಮೊಕದ್ದಮೆ ಚೆನ್ನಾಗಿಯೇ ನಡೆದಿತ್ತು. ಆಮೇಲೆ 2022ರ ಪ್ರೊಟೆಕ್ಟ್ ಅಧ್ಯಯನ ಸಿಕ್ಕಿತು. ಚೀನಾ ಮತ್ತು ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳು. ಅರ್ಧ ಜನರನ್ನು 37ರಲ್ಲಿ ಇಡಲು, ಉಳಿದರ್ಧವನ್ನು 35.5ರಲ್ಲಿ ಇಡಲು ಯತ್ನಿಸಿದ್ದರು. ಹೃದಯಕ್ಕಾಗುವ ಹಾನಿಯಲ್ಲಿ, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನ ನಡೆಸಿದ ತಂಡದಲ್ಲಿ ಇದ್ದವರೂ ಅದೇ ಸೆಸ್ಲರ್. ತೀರಾ ಕೆಳಗಿಳಿಯುವುದು ಕೆಟ್ಟದ್ದು, ಆದರೆ ಒಂದು ಮಿತಿಯವರೆಗಿನ ಇಳಿತ ಅಂದುಕೊಂಡಷ್ಟು ಕೇಡು ಮಾಡಲಿಕ್ಕಿಲ್ಲ ಎಂಬುದು ಅದರ ತಾತ್ಪರ್ಯ.

ಡೆಲಿರಿಯಮ್ ವಿಷಯಕ್ಕೆ ಬಂದರೆ, ಮೈ ತಣ್ಣಗಾದವರಲ್ಲಿ ಅದು ಹೆಚ್ಚು ಕಂಡಿತು ಎಂದು ಹೇಳುವ ವರದಿಗಳಿವೆ. ಆದರೆ ಬೇಗ ತಣ್ಣಗಾಗುವವರು ಯಾರು? ವಯಸ್ಸಾದವರು, ಸಣಕಲು ಮೈಯವರು, ದೊಡ್ಡ ಆಪರೇಷನ್ ಆದವರು. ಡೆಲಿರಿಯಮ್ ಬರುವುದೂ ಅವರಿಗೇ. ಜೊತೆಯಲ್ಲಿ ಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಕರೆತಂದಿತು ಎನ್ನಲಾಗುವುದಿಲ್ಲ. ಇದನ್ನು ನಾನು ಎಂಎ ತರಗತಿಯಲ್ಲಿ ಪದಗಳ ಮೂಲ ಹುಡುಕುವಾಗಲೇ ಕಲಿತಿದ್ದೆ. ಹಾಗಾಗಿ 35.2ರ ಮೇಲಿನ ನನ್ನ ಆರೋಪ ನಿಲ್ಲಲಿಲ್ಲ, ಪೂರ್ತಿ ಬಿದ್ದೂ ಹೋಗಲಿಲ್ಲ. ಅದು ಹಲವರಲ್ಲಿ ಒಬ್ಬ ಆರೋಪಿ. ಜೊತೆಗೆ ನೋವು, ನಿದ್ದೆಗೇಡು, ನೀರು ಸಾಲದ್ದು, ಕ್ಯಾಥೆಟರ್, ಮಲಬದ್ಧತೆ, ಕೆಲವು ಔಷಧಿಗಳು. ಮತ್ತು ಚೀಲದ ತಳದಲ್ಲಿ ಕರವಸ್ತ್ರದೊಳಗೆ ಬೆಚ್ಚಗೆ ಮಲಗಿದ್ದ ಕನ್ನಡಕ, ಕಿವಿಯ ಯಂತ್ರ.

ಕೊನೆಯದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ವೈದ್ಯೆ ಶಾರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಆಸ್ಪತ್ರೆ ಸೇರಿದ 70 ದಾಟಿದ 852 ಮಂದಿ. ಅರ್ಧ ಜನರಿಗೆ ಹೆಚ್ಚುವರಿಯಾಗಿ ಮಾಡಿದ್ದು ಇವನ್ನೇ: ಕನ್ನಡಕ ಹಾಕಿಸುವುದು, ಕಿವಿ ಕೇಳಿಸುವಂತೆ ಮಾಡುವುದು, ಇದು ಯಾವ ಜಾಗ, ಯಾವ ದಿನ ಎಂದು ಆಗಾಗ ಹೇಳುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ಔಷಧಿಯಿಲ್ಲದೆ ನಿದ್ದೆ ಬರುವಂತೆ ನೋಡಿಕೊಳ್ಳುವುದು. ಡೆಲಿರಿಯಮ್ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ಅವರು ಆಪರೇಷನ್ ಆದವರಲ್ಲ, ಬೇರೆ ಕಾಯಿಲೆಗಳಿಗೆ ದಾಖಲಾದವರು. ಆದರೆ ಪಟ್ಟಿ ಓದಿದಾಗ ನನಗೆ ಅನ್ನಿಸಿದ್ದು, ಇದರಲ್ಲಿ ಯಾವುದಕ್ಕೂ ಡಾಕ್ಟರೇ ಬೇಕಿಲ್ಲ.

ನಾಲ್ಕನೆಯ ದಿನ ಕನ್ನಡಕ ಹಾಕಿದೆವು. ಕಿವಿಗೆ ಯಂತ್ರ ಹಾಕಿದೆವು. ಮನೆಯಿಂದ ಅವ್ವ ಅಜ್ಜಿಯದೇ ಕೌದಿ ತಂದಳು; ವಾರ್ಡಿನ ಮಾವಶಿ ಅದನ್ನು ನೋಡಿ, ನಮ್ಮ ಗೋಧಡಿಯೇ ಇದು ಎಂದು ಸಂತೋಷಪಟ್ಟರು. ತಾಸಿಗೊಮ್ಮೆ ಕನ್ನಡದಲ್ಲಿ ಹೇಳಿದೆವು: "ಅಜ್ಜಿ, ಇದು ಪುಣೆ. ದವಾಖಾನಿ. ಬಿದ್ದಿದ್ದಿ, ಆಪರೇಷನ್ ಆಗೇದ. ನಾನು ನಿನ್ನ ಮೊಮ್ಮಗಳು." ಕ್ಯಾಥೆಟರ್ ತೆಗೆದರು, ಒಂದು ಔಷಧಿ ನಿಲ್ಲಿಸಿದರು. ಇವುಗಳಲ್ಲಿ ಯಾವುದು ಕೆಲಸ ಮಾಡಿತೋ. ಆರನೆಯ ದಿನ ಬೆಳಿಗ್ಗೆ ಚಹಾ ಕುಡಿದು, ನಾನು ಕೇಳುವ ಮೊದಲೇ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಶುರು ಮಾಡಿದಳು: ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ, ಕಾರ್ತಿಕ, ಆಶ್ವಯುಜ, ಭಾದ್ರಪದ, ಶ್ರಾವಣ, ಆಷಾಢ, ಜ್ಯೇಷ್ಠ, ವೈಶಾಖ, ಚೈತ್ರ. ಅವ್ವ ಕಿಟಕಿಯ ಕಡೆ ತಿರುಗಿ ನಿಂತಳು.

*

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಕೇಳಿದಳು: "ತಂಗೀ, ನಾ ಅಲ್ಲೆ ಹುಚ್ಚಿಗತೆ ಮಾಡಿದ್ನೇನು?"

ಅವಳಿಗೆ ತುಂಡುತುಂಡಾಗಿ ನೆನಪಿತ್ತು. ಸ್ಟೇಶನ್ನು, ಗಂಟು, ಯಾರನ್ನೋ ಬೈದದ್ದು. ನಾಚಿಕೆಯಾಗಿತ್ತು. ಆ ಕ್ಷಣ ನನಗೆ ಒಂದು ಪದ ಬೇಕಿತ್ತು. 'ತಾತ್ಕಾಲಿಕ ಗೊಂದಲ' ಎಂದು ಅವಳಿಗೆ ಹೇಳಿ ನೋಡಿ, ಹೇಗಿರುತ್ತದೆ.

"ಇಲ್ಲಜ್ಜಿ. ಸನ್ನಿ ಆಗಿತ್ತು," ಅಂದೆ.

ಅಜ್ಜಿಯ ಮುಖ ಸಡಿಲಾಯಿತು. "ಹೌದೇನು? ಬಾಣಂತಿ ಸನ್ನಿ ಆಗ್ತದಲ್ಲ, ಹಂಗ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಥಂಡಿ ಹತ್ತಿರಬೇಕು. ಬಾಣಂತಿಗೂ ಅದಕ್ಕ ಕಿವಿ ಕಟ್ಟತಾರ" ಎಂದು ಸೇರಿಸಿದಳು.

ಸನ್ನಿ ಎಂದರೆ ನಮಗೆಲ್ಲ ನೆನಪಾಗುವುದು ಸುಡುವ ಜ್ವರ. ಆ ಪದ ಬಂದದ್ದು ಆಯುರ್ವೇದದ ಸನ್ನಿಪಾತದಿಂದ: ಮೂರೂ ದೋಷಗಳು ಒಟ್ಟಿಗೆ ಕೆರಳುವುದು. ಅಜ್ಜಿಯ ಸನ್ನಿಯಲ್ಲಿ ಥಂಡಿಗೂ ಜಾಗವಿತ್ತು. ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಹೇಳಲು ಹೊರಟಿಲ್ಲ; ಬಾಣಂತಿಯ ಕಿವಿ ಕಟ್ಟಿದರೆ ಸನ್ನಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬಾಣಂತಿ ಸನ್ನಿಗೆ ತಕ್ಷಣ ವೈದ್ಯರ ಬಳಿ ಹೋಗಬೇಕು. ನನಗೆ ಮುಖ್ಯವಾದದ್ದು ಆ ಪದದ ವ್ಯಾಕರಣ. ಹುಚ್ಚು ಹಿಡಿದವಳನ್ನು ಹುಚ್ಚಿ ಅನ್ನುತ್ತೇವೆ. ಅದು ಅವಳ ಹೆಸರೇ ಆಗಿಬಿಡುತ್ತದೆ. ಸನ್ನಿ ಹಾಗಲ್ಲ. ಜ್ವರದಂತೆ ಸನ್ನಿ 'ಆಗುತ್ತದೆ', 'ಏರುತ್ತದೆ', 'ಇಳಿಯುತ್ತದೆ'. ಬಂದದ್ದಕ್ಕೆ ಕಾರಣ ಇರುತ್ತದೆ, ಹೋಗಲು ದಾರಿ ಇರುತ್ತದೆ. ಲ್ಯಾಟಿನ್ನಿನ ಡೆಲಿರಿಯಮ್ ಕೂಡ ಹಾಗೆಯೇ. 'ಲೀರಾ' ಎಂದರೆ ನೇಗಿಲ ಸಾಲು, ಆ ಸಾಲು ಬಿಟ್ಟು ಆಚೆ ಸರಿದದ್ದು ಡೆಲಿರಿಯಮ್. ಸರಿದ ನೇಗಿಲನ್ನು ಮತ್ತೆ ಸಾಲಿಗೆ ತರಬಹುದು.

ಪೂರ್ತಿ ಬಂತೇ ಎಂದು ನೀವು ಕೇಳಿದರೆ, ಇಲ್ಲ. ಅಜ್ಜಿ ಈಗ ವಾಕರ್ ಹಿಡಿದು ಓಡಾಡುತ್ತಾಳೆ, ಮಾತು ಮೊದಲಿನ ಹಾಗೇ ಇದೆ. ಆದರೆ ಹಾಲಿನ ಲೆಕ್ಕ ಅವ್ವನಿಗೆ ಕೊಟ್ಟುಬಿಟ್ಟಳು. ಹಿರಿಯರಲ್ಲಿ ಡೆಲಿರಿಯಮ್ ಕೆಲವೊಮ್ಮೆ ಹೀಗೆ ಸ್ವಲ್ಪವನ್ನು ತನ್ನೊಂದಿಗೆ ಒಯ್ಯುತ್ತದೆ. ನಾನು ಕಳೆದ ಆ ಒಂದು ದಿನದಲ್ಲಿ ಎಷ್ಟು ಹೋಯಿತೋ ಎಂಬ ಲೆಕ್ಕ ಮಾತ್ರ ನನ್ನ ಬಳಿಯೇ ಇದೆ.

ಕಳೆದ ಮಳೆಗಾಲದಲ್ಲಿ ಇನ್ನೊಂದು ಪುಸ್ತಿಕೆ ಅನುವಾದಕ್ಕೆ ಬಂತು. ಅದೇ ಪದ, ಹೆಚ್ಚುಕಡಿಮೆ ಅದೇ ವಾಕ್ಯ. ನಾನು 'ಸನ್ನಿ' ಎಂದು ಬರೆದೆ. ಪರಿಶೀಲಕರು ಹಳ್ಳಿಯ ಮಾತಾಯಿತು, ಜನ ಹೆದರುತ್ತಾರೆ ಎಂದು 'ಡೆಲಿರಿಯಮ್' ಮಾಡಿದರು. ಎರಡು ದಿನ ಪತ್ರವ್ಯವಹಾರ ನಡೆಯಿತು. ಕೊನೆಗೆ ಎರಡೂ ಪದ ಉಳಿದವು. ಮೂಲದಲ್ಲಿ ಒಂದೇ ಇದ್ದ ವಾಕ್ಯ ಕನ್ನಡದಲ್ಲಿ ನಾಲ್ಕಾಯಿತು. ಹೆಚ್ಚುವರಿ ಪದಗಳಿಗೆ ಹಣ ಬೇಡ ಎಂದೆ. ಅದು ಹೀಗಿದೆ:

'ಆಪರೇಷನ್ ಆದ ಮೇಲೆ ಕೆಲವು ಹಿರಿಯರಿಗೆ ಸನ್ನಿ (ಡೆಲಿರಿಯಮ್) ಆಗಬಹುದು. ಅವರು ಇಲ್ಲದ್ದನ್ನು ಕಾಣಬಹುದು, ಅಥವಾ ಮಾತೇ ಇಲ್ಲದೆ ಮಂಕಾಗಿ ಮಲಗಿರಬಹುದು. ಇದು ವಯಸ್ಸಿನ ಅರಳುಮರಳಲ್ಲ, ಇದಕ್ಕೆ ಚಿಕಿತ್ಸೆ ಇದೆ. ನಿಮ್ಮವರು ಮೊನ್ನೆಯವರೆಗೆ ಹೀಗಿರಲಿಲ್ಲ ಅನ್ನಿಸಿದರೆ, ಆ ಮಾತನ್ನು ಕೂಡಲೇ ಡಾಕ್ಟರಿಗೆ ಹೇಳಿ.'